ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನಗಿರಿ ಬಿಟ್ಟಿದ್ದು ಯಾಕೆ?

 

ನಮ್ಮೂರಿನ ಗದ್ದೆಗಳಿಗೆ ನೀರು ಬರುವುದು ವಿಶ್ವೇಶ್ವರಯ್ಯ ನಾಲೆಯಿಂದ. ನಮ್ಮ ಶಾಲೆಯ ಆಫೀಸು ರೂಮಿನಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರ ಫೋಟೊ ಇದೆ. ಅದರ ಪಕ್ಕದಲ್ಲೇ ನಾಲ್ವಡಿ ಕೃಷ್ಣರಾಜ ಒಡೆಯರ ಫೋಟೊ ಇದೆ. ಕನ್ನಂಬಾಡಿ ಕಟ್ಟೆ ಎಂದರೆ ಇವರಿಬ್ಬರ ಹೆಸರನ್ನೂ ಒಂದನೇ ಕ್ಲಾಸಿನ ಮಕ್ಕಳು ಕೂಡ ಹೇಳುತ್ತಾರೆ. ಆದರೆ ಒಂದು ವಿಷಯದಲ್ಲಿ ಇವರಿಬ್ಬರಿಗೂ ಅಭಿಪ್ರಾಯ ಕೂಡಿ ಬರಲಿಲ್ಲ. ಅದನ್ನೇ ನಾನು ಈ ಸಲ ಬರೆಯುತ್ತಿದ್ದೇನೆ. ಬೀದಿ ದೀಪದ ಕತೆ, ಎರಡು ಮೇಣದಬತ್ತಿಯ ಕತೆ ಎಲ್ಲರಿಗೂ ಬಾಯಿಪಾಠ ಆಗಿರುವುದರಿಂದ ಅವನ್ನು ಬಿಟ್ಟಿದ್ದೇನೆ.

ವಿಶ್ವೇಶ್ವರಯ್ಯನವರು ಹುಟ್ಟಿದ್ದು ಚಿಕ್ಕಬಳ್ಳಾಪುರದ ಹತ್ತಿರದ ಮುದ್ದೇನಹಳ್ಳಿಯಲ್ಲಿ, 1860ರ ದಶಕದ ಶುರುವಿನಲ್ಲಿ, ಸೆಪ್ಟೆಂಬರ್ 15ರಂದು. ತಂದೆ ಶ್ರೀನಿವಾಸ ಶಾಸ್ತ್ರಿಗಳು ಸಂಸ್ಕೃತ ಪಂಡಿತರು. ತಾಯಿ ವೆಂಕಟಲಕ್ಷ್ಮಮ್ಮ. ಚಿಕ್ಕ ವಯಸ್ಸಿನಲ್ಲೇ ತಂದೆ ತೀರಿಕೊಂಡರು. ಓದಲು ಬೆಂಗಳೂರಿಗೆ ಹೋದಾಗ ಸೋದರಮಾವನವರು ಆಸರೆ ಕೊಟ್ಟರು. ಅದೂ ಸಾಲದೆ ಅವರು ಕೊಡಗಿನ ಒಂದು ಕುಟುಂಬದ ಮಕ್ಕಳಿಗೆ ಮನೆಪಾಠ ಹೇಳಿಕೊಟ್ಟು, ಅದರಿಂದ ಬಂದ ಹಣದಲ್ಲಿ ಸೆಂಟ್ರಲ್ ಕಾಲೇಜಿನಲ್ಲಿ ಓದಿ, 1881ರಲ್ಲಿ ಬಿ.ಎ. ಪಾಸು ಮಾಡಿದರು. ಯೋಚನೆ ಮಾಡಿ, ತಾನು ಓದುವುದಕ್ಕೆ ಮೊದಲು ಬೇರೆಯವರ ಮಕ್ಕಳನ್ನು ಓದಿಸಬೇಕು!

ಆಮೇಲೆ ಎಂಜಿನಿಯರಿಂಗ್ ಓದುವ ಆಸೆ. ಅದಕ್ಕೆ ದುಡ್ಡು ಎಲ್ಲಿಂದ ಬರಬೇಕು? ಮೈಸೂರು ಸರ್ಕಾರ ಅವರಿಗೆ ವಿದ್ಯಾರ್ಥಿ ವೇತನ ಕೊಟ್ಟು ಪುಣೆಯ ಕಾಲೇಜಿಗೆ ಕಳಿಸಿತು. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. 1883ರ ಪರೀಕ್ಷೆಯಲ್ಲಿ ಇಡೀ ಮುಂಬಯಿ ಪ್ರಾಂತ್ಯಕ್ಕೇ ಮೊದಲಿಗರಾದರು. 1884ರಲ್ಲಿ ಅಲ್ಲೇ ಅಸಿಸ್ಟೆಂಟ್ ಎಂಜಿನಿಯರ್ ಕೆಲಸ ಸಿಕ್ಕಿತು. ಇನ್ನೊಂದು ಮಜಾ ನೋಡಿ, ನಾಲ್ವಡಿಯವರು ಹುಟ್ಟಿದ್ದೂ ಅದೇ 1884ರಲ್ಲಿ.

ಪುಣೆ ಹತ್ತಿರದ ಖಡಕ್‌ವಾಸ್ಲಾ ಅಣೆಕಟ್ಟಿನಲ್ಲಿ ನೀರು ಏರಿದಾಗ ತಾನಾಗೇ ತೆರೆದುಕೊಳ್ಳುವ ಬಾಗಿಲು ಮಾಡಿದ್ದು, 1908ರಲ್ಲಿ ಮೂಸಿ ನದಿ ಉಕ್ಕಿ ಹಾಳಾದ ಹೈದರಾಬಾದಿಗೆ ಯೋಜನೆ ಮಾಡಿಕೊಟ್ಟಿದ್ದು ಎಲ್ಲವೂ ಆ ಕಾಲದ ಕೆಲಸಗಳೇ. 1909ರಲ್ಲಿ ಮೈಸೂರಿಗೆ ಚೀಫ್ ಎಂಜಿನಿಯರ್ ಆಗಿ ಬಂದರು. 1911ರಲ್ಲಿ ಕನ್ನಂಬಾಡಿ ಕಟ್ಟೆಯ ಕೆಲಸ ಶುರುವಾಯಿತು. 1912ರಲ್ಲಿ ಮಹಾರಾಜರು ಅವರನ್ನು ದಿವಾನರನ್ನಾಗಿ ಮಾಡಿದರು. ದಿವಾನರೆಂದರೆ ಈಗಿನ ಮುಖ್ಯಮಂತ್ರಿ ಇದ್ದ ಹಾಗೆ ಅಂತ ನಮ್ಮ ಸಮಾಜ ಮೇಷ್ಟ್ರು ಹೇಳಿದರು.

ದಿವಾನರಾಗಿದ್ದ ಆರು ವರ್ಷದಲ್ಲಿ ಅವರು ಶಾಲೆಗಳಿಗೆ ಮಾಡಿದ ಕೆಲಸ ಕಡಿಮೆಯದಲ್ಲ. ಅವರ ಕಾಲದಲ್ಲಿ ಸಂಸ್ಥಾನದ ಶಾಲೆಗಳು ಎರಡು ಪಟ್ಟಿಗಿಂತ ಹೆಚ್ಚಾದವು. ಮಕ್ಕಳು ಕಡ್ಡಾಯವಾಗಿ ಶಾಲೆಗೆ ಬರಬೇಕು ಅನ್ನುವ ಕಾಯಿದೆ 1913ರಲ್ಲೇ ಬಂತು. 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ, 1917ರಲ್ಲಿ ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಕಾಲೇಜು ಆದವು.

ಇಷ್ಟೆಲ್ಲ ಚೆನ್ನಾಗಿ ನಡೆಯುತ್ತಿರುವಾಗ ಒಂದು ಪ್ರಶ್ನೆ ಎದ್ದಿತು. ಆಗ ಸರ್ಕಾರದ ದೊಡ್ಡ ದೊಡ್ಡ ಹುದ್ದೆಗಳಲ್ಲಿ ಬ್ರಾಹ್ಮಣರೇ ಹೆಚ್ಚಾಗಿದ್ದರು. ಅವರಲ್ಲಿ ಓದುಬರಹ ಮೊದಲಿನಿಂದ ಇತ್ತು. ಉಳಿದ ಜನ ಅಂದರೆ ಒಕ್ಕಲಿಗರು, ಲಿಂಗಾಯತರು, ಕುರುಬರು, ಮುಸ್ಲಿಮರು, ದಲಿತರು ಮತ್ತು ಇನ್ನೂ ಎಷ್ಟೋ ಜನ ಲೆಕ್ಕದಲ್ಲಿ ಜಾಸ್ತಿ, ಹುದ್ದೆಯಲ್ಲಿ ಕಡಿಮೆ. ಪ್ರಜಾಮಿತ್ರ ಮಂಡಳಿ ಎಂಬ ಸಂಘದವರು 1918ರಲ್ಲಿ ಮಹಾರಾಜರ ಹತ್ತಿರ ಹೋಗಿ ಮನವಿ ಕೊಟ್ಟರು. ಮಹಾರಾಜರು ಅದನ್ನು ಪಕ್ಕಕ್ಕೆ ಇಡಲಿಲ್ಲ. ಮುಖ್ಯ ನ್ಯಾಯಾಧೀಶರಾದ ಸರ್ ಲೆಸ್ಲಿ ಮಿಲ್ಲರ್ ಅವರ ನಾಯಕತ್ವದಲ್ಲಿ ಒಂದು ಸಮಿತಿ ಮಾಡಿದರು.

ವಿಶ್ವೇಶ್ವರಯ್ಯನವರಿಗೆ ಇದು ಸರಿ ಕಾಣಲಿಲ್ಲ. ಕೆಲಸಕ್ಕೆ ಯೋಗ್ಯತೆ ಒಂದನ್ನೇ ನೋಡಬೇಕು, ಬೇರೆ ಏನನ್ನಾದರೂ ನೋಡಿದರೆ ಆಡಳಿತ ಕೆಡುತ್ತದೆ ಅನ್ನುವುದು ಅವರ ನಂಬಿಕೆ. ಹಿಂದೆ ಉಳಿದವರಿಗೆ ಶಾಲೆ ಕೊಡಿ, ವಿದ್ಯಾರ್ಥಿ ವೇತನ ಕೊಡಿ, ಅವರು ಓದಿ ಮುಂದೆ ಬರಲಿ, ಆದರೆ ಹುದ್ದೆಯಲ್ಲಿ ಪಾಲು ಇಡುವುದು ಬೇಡ ಎಂಬುದು ಅವರ ವಾದ. ಹೀಗೆ ಮನಸ್ಸು ಕೂಡದೆ ಅವರು 1918ರ ಕೊನೆಯಲ್ಲಿ ದಿವಾನಗಿರಿ ಬಿಟ್ಟರು. ಬೇರೆ ಕಾರಣಗಳೂ ಇದ್ದವು, ಆದರೆ ಮುಖ್ಯ ಇದೇ.

ಮಿಲ್ಲರ್ ಸಮಿತಿ 1919ರಲ್ಲಿ ವರದಿ ಕೊಟ್ಟಿತು. ಏಳು ವರ್ಷದೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧಕ್ಕೆ ಕಡಿಮೆ ಇಲ್ಲದಂತೆ, ಕೆಳಗಿನ ಹುದ್ದೆಗಳಲ್ಲಿ ಮೂರರಲ್ಲಿ ಎರಡು ಪಾಲು ಬ್ರಾಹ್ಮಣರಲ್ಲದವರು ಇರಬೇಕು, ಅದರಲ್ಲೂ ಅರ್ಹತೆ ಇರುವ ದಲಿತರು ಸಿಕ್ಕರೆ ಅವರಿಗೆ ಮೊದಲು ಕೊಡಬೇಕು ಅಂತ ಹೇಳಿತು. 1921ರಲ್ಲಿ ಸರ್ಕಾರದ ಆಜ್ಞೆ ಆಯಿತು. ಅರ್ಹತೆ ಎಂಬ ಮಾತು ಅದರಲ್ಲೇ ಇದೆ ನೋಡಿ. ಓದದೇ ಇದ್ದವರನ್ನು ತಂದು ಕುರ್ಚಿ ಮೇಲೆ ಕೂರಿಸಿ ಅಂತ ಯಾರೂ ಹೇಳಿರಲಿಲ್ಲ.

ಇದನ್ನು ಮೇಷ್ಟ್ರು ಪಾಠ ಮಾಡಿದ ದಿನ ನಮ್ಮ ಕ್ಲಾಸು ಎರಡು ಪಾರ್ಟಿ ಆಯಿತು. ವಿಶ್ವೇಶ್ವರಯ್ಯನವರೂ ಬಡವರೇ, ಕಷ್ಟಪಟ್ಟೇ ಮೇಲೆ ಬಂದರು, ಎಲ್ಲರೂ ಹಾಗೇ ಬರಲಿ ಅಂತ ಕೆಲವರು. ನಾನು ಮಹಾರಾಜರ ಪಾರ್ಟಿ. ವಿಶ್ವೇಶ್ವರಯ್ಯನವರ ಮನೆಯಲ್ಲಿ ದುಡ್ಡು ಇರಲಿಲ್ಲ ನಿಜ, ಆದರೆ ಪುಸ್ತಕ ಇತ್ತು, ಓದು ಅಂತ ಹೇಳುವವರು ಇದ್ದರು. ನಮ್ಮಜ್ಜಿ ಈಗಲೂ ರೇಷನ್ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತುತ್ತಾರೆ, ಮಿಷನ್ ಬಂದ ಮೇಲೆ ಎಲ್ಲರೂ ಒತ್ತುತ್ತಾರೆ ಬಿಡಿ, ಆದರೆ ಅವರು ಮಿಷನ್ ಬರುವ ಮೊದಲಿಂದಲೂ ಒತ್ತುತ್ತಿದ್ದರು. ಅವರ ಅಪ್ಪನ ಕಾಲಕ್ಕೆ ಸ್ಲೇಟು ಕಂಡವರೇ ಅವರ ಕೇರಿಯಲ್ಲಿ ಇರಲಿಲ್ಲವಂತೆ. ಬಡತನ ಒಂದು ಕಷ್ಟ, ಅಕ್ಷರವೇ ಇಲ್ಲದ ಮನೆ ಇನ್ನೊಂದು ಕಷ್ಟ. ಮೊದಲನೆಯದಕ್ಕೆ ಪುಣೆಗೆ ಕಳಿಸಿದ ವಿದ್ಯಾರ್ಥಿ ವೇತನ ಸಿಕ್ಕಿತು. ಎರಡನೆಯದಕ್ಕೂ ಏನಾದರೂ ಸಿಗಬೇಕಲ್ಲವೇ?

ಆದರೆ ಆ ಪಾರ್ಟಿಯವರು ಕೇಳಿದ ಒಂದು ಪ್ರಶ್ನೆಗೆ ನಾನು ಪೂರ್ತಿ ಉತ್ತರ ಕೊಡಲಾಗಲಿಲ್ಲ. ಕಷ್ಟವನ್ನು ಅಳೆಯುವುದು ಹೇಗೆ? ನಮ್ಮ ಕ್ಲಾಸಿನಲ್ಲೇ ಒಬ್ಬ ಬೆಳಗ್ಗೆ ಎದ್ದು ಮೂರು ಹಸುವಿನ ಹಾಲು ಕರೆದು ಡೈರಿಗೆ ಹಾಕಿ ಬರ್ತಾನೆ. ಒಬ್ಬಳು ತಮ್ಮನನ್ನು ಸ್ನಾನ ಮಾಡಿಸಿ, ಅಂಗನವಾಡಿಗೆ ಬಿಟ್ಟು ಬರ್ತಾಳೆ. ಮಾರ್ಕ್ಸ್ ಕಾರ್ಡಿನಲ್ಲಿ ಇದಕ್ಕೆ ಕಾಲಂ ಇಲ್ಲ. ಈಗ ಸಿ.ಇ.ಟಿ.ಯಲ್ಲಿ ಹಳ್ಳಿಯಲ್ಲಿ ಒಂದರಿಂದ ಹತ್ತು ಓದಿದವರಿಗೆ ನೂರಕ್ಕೆ 15, ಕನ್ನಡ ಮಾಧ್ಯಮದವರಿಗೆ ನೂರಕ್ಕೆ 5 ಸೀಟು ಇವೆ. ಅಂದರೆ ವಿಶ್ವೇಶ್ವರಯ್ಯನವರು 1917ರಲ್ಲಿ ಶುರು ಮಾಡಿದ ಕಾಲೇಜಿಗೆ ಸೇರಲು ನಮ್ಮ ಹಳ್ಳಿಯೂ ನಮ್ಮ ಕನ್ನಡವೂ ಲೆಕ್ಕಕ್ಕೆ ಬರುತ್ತವೆ. ನನಗೆ ಇದು ಬಹಳ ಖುಷಿ. ಆದರೆ ಮಂಡ್ಯ ಪೇಟೆಯಲ್ಲಿ ಕೂಲಿ ಮಾಡುವವರ ಮಗುವಿಗೆ ಹಳ್ಳಿಯ ಸೀಟು ಇಲ್ಲ. ಅಳತೆ ಯಾವುದೇ ಇಟ್ಟರೂ ಯಾರೋ ಒಬ್ಬರು ಹೊರಗೆ ಉಳಿಯುತ್ತಾರೆ. ಅದಕ್ಕೆ ಅಳತೆಯನ್ನು ಸರಿ ಮಾಡಬೇಕು, ಅಳೆಯುವುದನ್ನೇ ಬಿಡಬಾರದು ಅಂತ ನನ್ನ ಅನಿಸಿಕೆ.

ಕೆಲಸ ಬಿಟ್ಟ ಮೇಲೆ ವಿಶ್ವೇಶ್ವರಯ್ಯನವರು ಮಹಾರಾಜರ ಮೇಲೆ ಮುನಿಸಿಕೊಂಡು ಕೂರಲಿಲ್ಲ. ಮಹಾರಾಜರೂ ಅಷ್ಟೇ. ಭದ್ರಾವತಿಯ ಕಬ್ಬಿಣದ ಕಾರ್ಖಾನೆ ನಷ್ಟದಲ್ಲಿದ್ದಾಗ 1923ರಲ್ಲಿ ಅವರನ್ನೇ ಕರೆದು ಅಧ್ಯಕ್ಷರನ್ನಾಗಿ ಮಾಡಿದರು. ಇವರೂ ಬಂದು ಅದನ್ನು ಎತ್ತಿ ನಿಲ್ಲಿಸಿದರು. ನಾವು ಒಂದು ಬಳಪಕ್ಕೆ ಜಗಳವಾಡಿ ವಾರಗಟ್ಟಲೆ ಟೂ ಬಿಡ್ತೀವಿ! 1955ರಲ್ಲಿ ಅವರಿಗೆ ಭಾರತರತ್ನ ಬಂತು. ನೂರು ವರ್ಷ ತುಂಬಿದ ಮೇಲೆ, 1962ರ ಏಪ್ರಿಲ್ ತಿಂಗಳಲ್ಲಿ ತೀರಿಕೊಂಡರು. ಹುಟ್ಟೂರು ಮುದ್ದೇನಹಳ್ಳಿಯಲ್ಲೇ ಅವರ ಸಮಾಧಿ ಇದೆ.

ಕೊನೆಗೆ ಒಂದು ಸೂಚನೆ, ಮೇಷ್ಟ್ರು ಬರೆಯಲು ಹೇಳಿದ್ದು. ಎಂಟನೇ ಕ್ಲಾಸಿನಲ್ಲಿ ಎನ್.ಎಂ.ಎಂ.ಎಸ್. ಪರೀಕ್ಷೆ ಇರುತ್ತದೆ. ಅದರಲ್ಲಿ ಅಂಕವನ್ನೂ ನೋಡುತ್ತಾರೆ, ಮನೆಯ ಆದಾಯವನ್ನೂ ನೋಡುತ್ತಾರೆ. ಆದಾಯ ವರ್ಷಕ್ಕೆ ಮೂರೂವರೆ ಲಕ್ಷದ ಒಳಗಿರಬೇಕು, ಏಳನೇ ಕ್ಲಾಸಿನಲ್ಲಿ ನೂರಕ್ಕೆ 55 ಬಂದಿರಬೇಕು, ಪರಿಶಿಷ್ಟರಿಗೆ 50 ಸಾಕು. ಪಾಸಾಗಿ ಪಟ್ಟಿಯಲ್ಲಿ ಹೆಸರು ಬಂದರೆ ಒಂಬತ್ತನೇ ಕ್ಲಾಸಿನಿಂದ ನಾಲ್ಕು ವರ್ಷ, ವರ್ಷಕ್ಕೆ 12,000 ರೂಪಾಯಿ. ಆದಾಯ ಪ್ರಮಾಣ ಪತ್ರಕ್ಕೆ ನಾಡಕಚೇರಿಯಲ್ಲಿ ಅರ್ಜಿ ಹಾಕಬೇಕು. ಕಬ್ಬು ಕಡಿಯುವ ಕಾಲ ಬಂದರೆ ಅಪ್ಪ ಅವ್ವಂದಿರಿಗೆ ಪುರುಸೊತ್ತು ಇರೋದಿಲ್ಲ, ಆದ್ದರಿಂದ ಈಗಲೇ ಮನೆಯಲ್ಲಿ ಹೇಳಿ.