ಬಟಾಣಿ ಎಣಿಸಿದ ಮಠಾಧಿಪತಿ ಗ್ರೆಗೋರ್ ಮೆಂಡೆಲ್

ತಳಿವಿಜ್ಞಾನದ ಪಿತಾಮಹರೆಂದು ಜಗತ್ತು ಗೌರವಿಸುವ ಗ್ರೆಗೋರ್ ಮೆಂಡೆಲರು ಕಥೋಲಿಕ ಗುರುಗಳು. 1822ರ ಜುಲೈಯಲ್ಲಿ ಅಂದಿನ ಆಸ್ಟ್ರಿಯಾ ಸಾಮ್ರಾಜ್ಯದ ಸಿಲೇಸಿಯಾ ಪ್ರಾಂತದ ರೈತ ಕುಟುಂಬವೊಂದರಲ್ಲಿ ಅವರು ಜನಿಸಿದರು. ತಂಗಿ ತೆರೇಸಿಯಾ ತನ್ನ ವರದಕ್ಷಿಣೆಯ ಪಾಲನ್ನೇ ಬಿಟ್ಟುಕೊಟ್ಟು ಅಣ್ಣನ ಓದಿಗೆ ನೆರವಾದಳು. ಮುಂದೆ ಆಕೆಯ ಪುತ್ರರ ವಿದ್ಯಾಭ್ಯಾಸಕ್ಕೆ ಸಹಾಯ ಮಾಡಿ ಅವರು ಆ ಋಣವನ್ನು ತೀರಿಸಿದರು.

1843ರಲ್ಲಿ, ಇಂದು ಚೆಕ್ ಗಣರಾಜ್ಯದಲ್ಲಿರುವ ಬರ್ನೊ ನಗರದ ಸಂತ ತೋಮಸರ ಅಗಸ್ಟೀನಿಯನ್ ಮಠವನ್ನು ಸೇರಿ, 1847ರಲ್ಲಿ ಗುರುದೀಕ್ಷೆ ಪಡೆದರು. 1850ರಲ್ಲಿ ಶಿಕ್ಷಕರ ಅರ್ಹತಾ ಪರೀಕ್ಷೆಯಲ್ಲಿ ಅನುತ್ತೀರ್ಣರಾದಾಗಲೂ ಮಠವು ಅವರನ್ನು ಕೈಬಿಡದೆ ಉನ್ನತ ವ್ಯಾಸಂಗಕ್ಕಾಗಿ ವಿಯೆನ್ನಾಕ್ಕೆ ಕಳುಹಿಸಿತು.

1856ರಿಂದ 1863ರವರೆಗೆ ಅವರು ಮಠದ ತೋಟದಲ್ಲಿ ಬಟಾಣಿ ಗಿಡಗಳನ್ನು ಬೆಳೆಸಿದರು. ದುಂಡು ಕಾಳಿನ ತಳಿಯನ್ನು ಸುಕ್ಕು ಕಾಳಿನ ತಳಿಯೊಡನೆ ಕೂಡಿಸಿದಾಗ ಮೊದಲ ಪೀಳಿಗೆಯಲ್ಲಿ ದೊರೆತವೆಲ್ಲ ದುಂಡು ಕಾಳುಗಳೇ. ಮುಂದಿನ ಪೀಳಿಗೆಯಲ್ಲಿ ಸುಕ್ಕು ಮರಳಿ ಕಾಣಿಸಿತು: 5,474 ದುಂಡು, 1,850 ಸುಕ್ಕು, ಅಂದರೆ ಸುಮಾರು ಮೂರಕ್ಕೆ ಒಂದು. ಆ ದುಂಡು ಕಾಳುಗಳಿಂದ ಬೆಳೆದ 565 ಗಿಡಗಳನ್ನು ಪರೀಕ್ಷಿಸಿದಾಗ 193 ಮಾತ್ರ ಶುದ್ಧ ತಳಿ. ಉಳಿದ 372 ಸುಕ್ಕಿನ ಅಂಶವನ್ನು ಮರೆಯಲ್ಲಿ ಹೊತ್ತಿದ್ದವು. ಹೀಗೆ ನಾಲ್ಕರಲ್ಲಿ ಒಂದು ಶುದ್ಧ ದುಂಡು, ಎರಡು ಮಿಶ್ರ, ಒಂದು ಶುದ್ಧ ಸುಕ್ಕು ಎಂಬ ಲೆಕ್ಕ ಸಿದ್ಧವಾಯಿತು.

ಮೆಂಡೆಲರು ಇನ್ನೂ ಮುಂದೆ ಎಣಿಸಿದರು. ಬಟಾಣಿಯು ತನ್ನದೇ ಪರಾಗದಿಂದ ಫಲಿಸುವುದರಿಂದ ಮಿಶ್ರ ಗಿಡಗಳ ಪಾಲು ಪೀಳಿಗೆಗೊಮ್ಮೆ ಅರ್ಧವಾಗುತ್ತದೆ. ಹತ್ತನೆಯ ಪೀಳಿಗೆಯ 2,048 ಗಿಡಗಳಲ್ಲಿ ಎರಡು ಬಗೆಯ ಶುದ್ಧ ತಳಿಗಳು ತಲಾ 1,023, ಮಿಶ್ರವಾದವು ಎರಡೇ. ಆದರೂ ದುಂಡು, ಸುಕ್ಕುಗಳ ಅಂಶಗಳು ಒಟ್ಟಿನಲ್ಲಿ ಸಮಸಮವಾಗಿಯೇ ಉಳಿಯುತ್ತವೆ. ಕಣ್ಣಿಗೆ ಮರೆಯಾದದ್ದು ನಾಶವಾಗುವುದಿಲ್ಲ.

1865ರಲ್ಲಿ ಉಪನ್ಯಾಸಗಳಲ್ಲಿ ಮಂಡಿಸಿ 1866ರಲ್ಲಿ ಪ್ರಕಟಿಸಿದ ಈ ಸಂಶೋಧನೆಯ ಮಹತ್ವವನ್ನು ವಿದ್ವಾಂಸರು ಅರಿಯಲಿಲ್ಲ. 1868ರಲ್ಲಿ ಮಠಾಧಿಪತಿಗಳಾದ ಬಳಿಕ ಆಡಳಿತದ ಹೊರೆ ಹೆಚ್ಚಿತು. ಮಠಗಳ ಮೇಲಿನ ತೆರಿಗೆಯ ಕುರಿತು ಸರಕಾರದೊಡನೆ ದೀರ್ಘ ವ್ಯಾಜ್ಯವೂ ನಡೆಯಿತು. 1884ರ ಜನವರಿ 6ರಂದು, ಮೂರು ರಾಯರ ಹಬ್ಬದ ದಿನ, ಅವರು ಪ್ರಭುವಿನಲ್ಲಿ ನಿದ್ರಿಸಿದರು.

1900ರಲ್ಲಿ ಮೂವರು ವಿಜ್ಞಾನಿಗಳು ಅವರ ನಿಯಮಗಳನ್ನು ಮತ್ತೆ ಬೆಳಕಿಗೆ ತಂದರು. 1908ರಲ್ಲಿ ಇಂಗ್ಲೆಂಡಿನ ಹಾರ್ಡಿ ಹಾಗೂ ಜರ್ಮನಿಯ ವೈನ್‌ಬರ್ಗ್ ಆ ಲೆಕ್ಕವನ್ನು ಇಡೀ ಜನಸಮುದಾಯಕ್ಕೆ ವಿಸ್ತರಿಸಿದರು. ತಂದೆತಾಯಿ ಇಬ್ಬರಿಂದಲೂ ದೋಷದ ಅಂಶ ಬಂದಾಗ ಮಾತ್ರ ತಲೆದೋರುವ ರೋಗವು 10,000 ಶಿಶುಗಳಲ್ಲಿ ಒಂದಕ್ಕೆ ಇದ್ದರೆ, ಆ ಅಂಶದ ಪಾಲು ನೂರರಲ್ಲಿ ಒಂದು. ಅದನ್ನು ಹೊತ್ತೂ ಆರೋಗ್ಯವಾಗಿರುವವರು ಸುಮಾರು ಐವತ್ತರಲ್ಲಿ ಒಬ್ಬರು. ಮಕ್ಕಳಿಗೆ ಬರಬಹುದಾದ ರೋಗವನ್ನು ಮುಂದಾಗಿ ಅಂದಾಜಿಸಲು ವೈದ್ಯರಿಗೆ ಈ ಗಣನೆ ಇಂದಿಗೂ ಆಧಾರ.

ಫಲವನ್ನು ಕಾಣದೆಯೂ ಮೆಂಡೆಲರು ನಿಷ್ಠೆಯಿಂದ ಬಿತ್ತಿದರು. ಆ ಬೆಳೆಯನ್ನು ಇಂದು ಲೋಕವೇ ಕೊಯ್ಯುತ್ತಿದೆ.