ಶ್ರೀಗುರುರಾಜರ ಪೂರ್ವಾಶ್ರಮ: ಪೀಠಕ್ಕೂ ಮೊದಲಿನ ಸೇವೆ

ಶ್ರಾವಣ ಬಹುಳ ಪಾಡ್ಯದಿಂದ ತದಿಗೆಯವರೆಗೆ ಮೂರು ದಿನ ಆರಾಧನೆಯನ್ನು ಆಚರಿಸುವ ನಾವು ಮಂತ್ರಾಲಯ ಪ್ರಭುಗಳ ಮಹಿಮೆಗಳನ್ನು ಭಕ್ತಿಯಿಂದ ಸ್ಮರಿಸುತ್ತೇವೆ. ಆದರೆ ಸಾವಿರಾರು ಜನರಿಗೆ ದಾರಿ ತೋರಿದ ಆ ಮಹಾಮಹಿಮರು ಪೀಠವನ್ನೇರುವ ಮೊದಲು ಹೇಗೆ ಬಾಳಿದರೆಂಬುದನ್ನೂ ಮನನ ಮಾಡುವುದು ಅವಶ್ಯಕ.

ವಿಜಯನಗರದ ಪತನಾನಂತರ ಆಶ್ರಯವನ್ನರಸಿ ತಮಿಳುನಾಡಿಗೆ ಬಂದ ಕನ್ನಡ ಮನೆತನದ ತಿಮ್ಮಣ್ಣ ಭಟ್ಟರು ಹಾಗೂ ಗೋಪಿಕಾಂಬೆಯವರ ಪುತ್ರರಾಗಿ ಶ್ರೀಗಳು 1595ರಲ್ಲಿ ಭುವನಗಿರಿಯಲ್ಲಿ ಅವತರಿಸಿದರು. ಪೂರ್ವಾಶ್ರಮದ ಹೆಸರು ವೇಂಕಟನಾಥ. ಸರಸ್ವತಿಯೆಂಬ ಸಾಧ್ವಿಯೊಡನೆ ವಿವಾಹವಾದ ಮೇಲೆ ಕುಂಭಕೋಣದಲ್ಲಿ ಶ್ರೀಸುಧೀಂದ್ರತೀರ್ಥರ ಬಳಿ ಅಧ್ಯಯನ ಮಾಡಿದರು. ಹಗಲೆಲ್ಲ ಕೇಳಿದ ಪಾಠಕ್ಕೆ ರಾತ್ರಿ ಒಣಗಿದ ಎಲೆಗಳನ್ನು ಉರಿಸಿ ಆ ಬೆಳಕಿನಲ್ಲಿ ಟಿಪ್ಪಣಿ ಬರೆಯುತ್ತಿದ್ದರು. ಒಮ್ಮೆ ನಡುರಾತ್ರಿ ಗುರುಗಳು ಬಂದು ನೋಡಿದಾಗ ಶಿಷ್ಯರು ಹೊದಿಕೆಯಿಲ್ಲದೆ ಚಳಿಯಲ್ಲಿ ನಿದ್ರಿಸುತ್ತಿದ್ದರಂತೆ. ಗುರುಗಳು ಬರಹವನ್ನು ಓದಿ ಸಂತುಷ್ಟರಾಗಿ, ಎಬ್ಬಿಸದೆ ತಮ್ಮ ಶಾಲನ್ನೇ ಹೊದಿಸಿ ಹೋದರು. ಪೀಠಾಧಿಪತಿಗಳಾದವರು ಶಿಷ್ಯನ ಚಳಿಯನ್ನು ಗಮನಿಸಿದ ಆ ರಾತ್ರಿಯ ಪಾಠವು ಯಾವ ಗ್ರಂಥಪಾಠಕ್ಕೂ ಕಡಿಮೆಯದಲ್ಲ.

ಗೃಹಸ್ಥರಾಗಿ ಅವರು ಶಿಷ್ಯರಿಗೆ ಧನಾಪೇಕ್ಷೆಯಿಲ್ಲದೆ ಪಾಠ ಹೇಳಿದರು. ಮನೆಯಲ್ಲಿ ಕಡುಬಡತನ, ಏಕಾದಶಿಯಲ್ಲದ ದಿನವೂ ಉಪವಾಸ. ಒಂದು ಸಮಾರಾಧನೆಗೆ ಹೋದಾಗ, ಊಟಕ್ಕೆ ಬಂದವರಿಂದ ಕೆಲಸವನ್ನಾದರೂ ಪಡೆಯೋಣವೆಂದು ಮನೆಯವರು ಗಂಧ ತೇಯಲು ಹಚ್ಚಿದರು. ಮನಸ್ಸಿನಲ್ಲಿ ಅಗ್ನಿಸೂಕ್ತವನ್ನು ಜಪಿಸುತ್ತ ತೇಯ್ದ ಆ ಗಂಧವು ಹಚ್ಚಿಕೊಂಡವರ ಮೈ ಸುಟ್ಟಿತೆಂಬುದೂ, ವರುಣಸೂಕ್ತದಿಂದ ಅದು ಶಮನವಾಯಿತೆಂಬುದೂ ಪರಂಪರೆಯಿಂದ ಬಂದ ಪ್ರಸಿದ್ಧ ಕಥೆ. ಈ ಮಹಿಮೆಯ ಜೊತೆಗೆ ಇನ್ನೊಂದು ಅಂಶವನ್ನೂ ಗಮನಿಸಬೇಕು. ಮಹಾಪಂಡಿತರಾದ ಅವರು ಆ ಕೆಲಸವನ್ನು ಹೀನವೆಂದು ನಿರಾಕರಿಸಲಿಲ್ಲ. ಅವಮಾನಿಸಿದವರ ಉರಿಯನ್ನೂ ತಾವೇ ತಣಿಸಿದರು.

ಗುರುಗಳು ಸಂನ್ಯಾಸಕ್ಕೆ ಆಹ್ವಾನಿಸಿದಾಗ ಅವರು ಮೊದಲು ಒಪ್ಪಲಿಲ್ಲ. ಎಳೆಯ ಮಗ ಲಕ್ಷ್ಮೀನಾರಾಯಣ ಹಾಗೂ ಪತ್ನಿಯ ಹೊಣೆ ಅವರ ಮೇಲಿತ್ತು. ಕೊನೆಗೆ ದೈವಪ್ರೇರಣೆಯಾಗಲು, ಮಗನ ಉಪನಯನವನ್ನು ನೆರವೇರಿಸಿ 1621ರಲ್ಲಿ ತಂಜಾವೂರಿನಲ್ಲಿ ಶ್ರೀರಾಘವೇಂದ್ರತೀರ್ಥರಾದರು. ಆ ವಿಯೋಗವನ್ನು ಸಹಿಸದೆ ಸರಸ್ವತಿಯವರು ಬಾವಿಗೆ ಬಿದ್ದು ಪ್ರಾಣ ಬಿಟ್ಟರೆಂದೂ, ಶ್ರೀಗಳು ತೀರ್ಥ ಪ್ರೋಕ್ಷಿಸಿ ಅವರಿಗೆ ಸದ್ಗತಿಯನ್ನು ಅನುಗ್ರಹಿಸಿದರೆಂದೂ ಹೇಳುತ್ತಾರೆ. ಲೋಕಕ್ಕೆ ಗುರುವೊಬ್ಬರು ದೊರೆತಾಗ ಅದರ ಬೆಲೆಯನ್ನು ಒಂದು ಮನೆಯು ತೆತ್ತಿತು. ಆರಾಧನೆಯಂದು ಆ ಸಾಧ್ವಿಯನ್ನೂ ನೆನೆಯುವುದು ನಮ್ಮ ಕರ್ತವ್ಯ.

ಪೀಠವೇರಿದ ಮೇಲೂ ಅವರ ದೃಷ್ಟಿ ದುರ್ಬಲರ ಕಡೆಗೇ ಇತ್ತು. ಅಕ್ಷರವರಿಯದ ಅನಾಥ ಬಾಲಕ ವೆಂಕಣ್ಣನನ್ನು ಅನುಗ್ರಹಿಸಿದರು. ಅವನೇ ಮುಂದೆ ಆದವಾನಿಯ ದಿವಾನನಾದನು. ನವಾಬನು ಫಲವತ್ತಾದ ಊರುಗಳನ್ನು ಕೊಡಲು ಮುಂದಾದರೂ ಶ್ರೀಗಳು ತುಂಗಭದ್ರಾತೀರದ ಮಂಚಾಲೆಯನ್ನೇ ಕೇಳಿ ಪಡೆದರು. 1671ರಲ್ಲಿ ಅಲ್ಲಿಯೇ ವೃಂದಾವನವನ್ನು ಪ್ರವೇಶಿಸಿದರು.

ಉಪ್ಪಲ್ ಪರಿಸರದ ನಮ್ಮ ಮನೆಗಳೂ ರಾಯಚೂರು, ಕಲಬುರಗಿ ಮೊದಲಾದ ಕಡೆಗಳಿಂದ ಅನ್ನವನ್ನರಸಿ ವಲಸೆ ಬಂದವುಗಳೇ. ಇಲ್ಲಿ ಕನ್ನಡವೂ ಸಂಪ್ರದಾಯವೂ ಮುಂದಿನ ಪೀಳಿಗೆಗೆ ದಾಟಬೇಕಾದರೆ ಕೇವಲ ಪದಾಧಿಕಾರಿಗಳಿಂದ ಸಾಧ್ಯವಿಲ್ಲ. ಭಾನುವಾರ ಪಕ್ಕದ ಮನೆಯ ಮಗುವಿಗೆ ಸ್ತೋತ್ರವನ್ನೂ ಕನ್ನಡದ ಅಕ್ಷರವನ್ನೂ ಕಲಿಸುವವರು, ಒಂಟಿಯಾಗಿರುವ ವೃದ್ಧರನ್ನು ಕೈಹಿಡಿದು ಮಠಕ್ಕೆ ಕರೆತರುವವರು, ಎಲ್ಲರ ಊಟವಾದ ಮೇಲೆ ಎಲೆ ತೆಗೆದು ನೆಲ ಶುದ್ಧಿ ಮಾಡುವವರು ಬೇಕು. ಇವರನ್ನು ನೋಡಿಯೇ ಮಕ್ಕಳು ಕಲಿಯುತ್ತಾರೆ. ಸಮಾಜವನ್ನು ಮುನ್ನಡೆಸುವವರೂ ಇವರೇ. ಈ ಬಾರಿ ಆರಾಧನೆಗೆ ಬರುವ ಪ್ರತಿಯೊಂದು ಕುಟುಂಬವೂ ಇಂಥ ಒಂದು ಸೇವೆಯನ್ನು ವರ್ಷಪೂರ್ತಿ ನಡೆಸುವ ಸಂಕಲ್ಪ ಮಾಡಲಿ. ಗಂಧ ತೇಯ್ದ ಗುರುಗಳಿಗೆ ಅದಕ್ಕಿಂತ ಪ್ರಿಯವಾದ ಸಮರ್ಪಣೆ ಬೇರೊಂದಿರಲಾರದು.

॥ ಶ್ರೀಕೃಷ್ಣಾರ್ಪಣಮಸ್ತು ॥