ಶಿಕಾರಿಪುರದಲ್ಲಿ ಸೋತ ಧೋಂಡಿಯಾ ವಾಘ್

ಬೋಧನಾಭ್ಯಾಸದ ಎರಡನೆಯ ವಾರ ಅಂಜನಾಪುರದ ಕಡೆಯ ಶಾಲೆಯೊಂದರಲ್ಲಿ ಹತ್ತನೆಯ ತರಗತಿಗೆ ಧೋಂಡಿಯಾ ವಾಘ್‌ನ ಪಾಠ ಮಾಡಿದೆ. ಪಾಠಯೋಜನೆಯಲ್ಲಿ ಅವನಿಗೆ ಕೊಟ್ಟಿದ್ದು ಹತ್ತು ನಿಮಿಷ. ಹುಟ್ಟಿದ ಊರು, ಬಂಡಾಯ, ಸಾವು ಎಂದು ಕಪ್ಪುಹಲಗೆಯ ಮೇಲೆ ಮೂರು ಸಾಲು ಬರೆದು ಮುಂದಕ್ಕೆ ಹೊರಟಿದ್ದೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, ಅವನು ದರೋಡೆಕೋರನೋ ಹೋರಾಟಗಾರನೋ ಎಂದು ಕೇಳಿದಳು. ಹೋರಾಟಗಾರ ಎಂದು ಹೇಳಿ ಕೂರಿಸಿದೆ. ಸಂಜೆ ನಮ್ಮ ಉಪನ್ಯಾಸಕರು ಅವಲೋಕನದ ಪುಸ್ತಕ ಮುಚ್ಚಿಟ್ಟು, ಆ ಉತ್ತರಕ್ಕೆ ನನ್ನ ಬಳಿ ಇದ್ದ ಆಧಾರ ಏನೆಂದು ಮಾತ್ರ ಕೇಳಿದರು. ಏನೂ ಇರಲಿಲ್ಲ. ಹೀಗಾಗಿ ಅವನ ಜೀವನವನ್ನು ಮೊದಲಿನಿಂದ ಓದಬೇಕಾಯಿತು.

ಧೋಂಡಿಯಾ ಹುಟ್ಟಿದ್ದು ಚನ್ನಗಿರಿಯ ಮರಾಠಾ ಕುಟುಂಬದಲ್ಲಿ. ಹೈದರಾಲಿಯ ಸೈನ್ಯದಲ್ಲಿ ಸವಾರನಾದ. ಮೂರನೆಯ ಮೈಸೂರು ಯುದ್ಧದಲ್ಲಿ ಟಿಪ್ಪುವಿನ ಕೈ ಸೋಲುತ್ತಿದ್ದಾಗ ಅವನನ್ನು ಬಿಟ್ಟು ಹೊರಟು, ಹಾವೇರಿ, ಸವಣೂರಿನ ಕಡೆ ತನ್ನದೇ ದಂಡು ಕಟ್ಟಿ ಬಲವಂತದ ವಸೂಲಿಗೆ ಇಳಿದ. ಮರಾಠಾ ಸರದಾರ ಧೋಂಡೋಪಂತ ಗೋಖಲೆ ಅವನನ್ನು ಅಲ್ಲಿಂದ ಓಡಿಸಿದ. 1794ರಲ್ಲಿ ಮತ್ತೆ ಟಿಪ್ಪುವಿನ ಆಶ್ರಯಕ್ಕೆ ಬಂದವನು ಕೊನೆಗೆ ಶ್ರೀರಂಗಪಟ್ಟಣದ ಸೆರೆಮನೆ ಸೇರಿದ. ಇಷ್ಟರವರೆಗೆ ನೋಡಿದರೆ ಅವನನ್ನು ಹೋರಾಟಗಾರ ಎನ್ನಲು ನನಗೆ ನಾಲಿಗೆ ಬರುವುದಿಲ್ಲ.

1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು, ಟಿಪ್ಪು ಸತ್ತ. ಆ ಗದ್ದಲದಲ್ಲಿ ಧೋಂಡಿಯಾ ಹೊರಗೆ ಬಂದ. ಐದು ವರ್ಷದ ಮುಮ್ಮಡಿ ಕೃಷ್ಣರಾಜ ಒಡೆಯರನ್ನು ಕಂಪನಿ ಸರ್ಕಾರ ಪಟ್ಟಕ್ಕೆ ಕೂರಿಸಿತು. ಟಿಪ್ಪುವಿನ ಸೈನ್ಯ ಚದುರಿ, ಕತ್ತಿ ಹಿಡಿಯುವುದನ್ನು ಬಿಟ್ಟು ಬೇರೆ ಕಸುಬು ತಿಳಿಯದ ಸಿಪಾಯಿಗಳು ಸಂಬಳವಿಲ್ಲದೆ ಬೀದಿಗೆ ಬಿದ್ದರು. ಅವರು ಸೇರಿಕೊಂಡದ್ದು ಧೋಂಡಿಯಾನ ಹಿಂದೆ. ಬಿದನೂರು, ಶಿವಮೊಗ್ಗದ ಕಡೆಯ ಕೋಟೆಗಳು ಒಂದೊಂದಾಗಿ ಅವನ ಕೈಗೆ ಬಂದವು.

ಕಂಪನಿ ಸರ್ಕಾರ ಸ್ಟೀವನ್‌ಸನ್ ಮತ್ತು ಡಾಲ್‌ರಿಂಪಲ್ ಎಂಬ ಅಧಿಕಾರಿಗಳ ಎರಡು ಪಡೆ ಕಳಿಸಿತು. ಆಗಸ್ಟ್‌ನಲ್ಲಿ ಶಿಕಾರಿಪುರದ ಬಳಿ ಧೋಂಡಿಯಾ ಸೋತ, ಕೋಟೆಯೂ ಹೋಯಿತು. ಆ ತಿಂಗಳಲ್ಲಿ ಕುಮುದ್ವತಿ ಹೇಗೆ ಹರಿಯುತ್ತದೆಂದು ಅಂಜನಾಪುರದ ಮಕ್ಕಳಿಗೆ ಯಾರೂ ಹೇಳಬೇಕಾಗಿಲ್ಲ, ಜಲಾಶಯ ತುಂಬುವುದನ್ನು ನೋಡಿಯೇ ಬೆಳೆದವರು. ನನ್ನ ಪಾಠ ಅಲ್ಲಿಂದಲೇ ಶುರುವಾಗಬೇಕಿತ್ತು. ಪಠ್ಯಪುಸ್ತಕದ ಚನ್ನಗಿರಿಯಿಂದ ಶುರುಮಾಡಿದ್ದೇ ನನ್ನ ತಪ್ಪು.

ಗಡಿ ದಾಟಿ ಮರಾಠರ ಸೀಮೆಗೆ ಹೋದ ಧೋಂಡಿಯಾ ಮರುವರ್ಷ ಇನ್ನೂ ದೊಡ್ಡ ದಂಡು ಕಟ್ಟಿ, ಉಭಯಲೋಕಾಧೀಶ್ವರ ಎಂಬ ಬಿರುದು ಇಟ್ಟುಕೊಂಡ. ಹಿಂದೆ ತನ್ನನ್ನು ಓಡಿಸಿದ್ದ ಗೋಖಲೆಯನ್ನು 1800ರ ಜೂನ್‌ನಲ್ಲಿ ಕೊಂದ. ಸಿಕ್ಕಿದರೆ ಮೊದಲ ಮರಕ್ಕೇ ನೇಣು ಹಾಕಬೇಕೆಂಬ ಅಪ್ಪಣೆ ಹೊತ್ತು ಆರ್ಥರ್ ವೆಲ್ಲೆಸ್ಲಿ ಬೆನ್ನು ಹತ್ತಿದ. ಮುಂದೆ ವಾಟರ್‌ಲೂನಲ್ಲಿ ನೆಪೋಲಿಯನ್ನನನ್ನು ಸೋಲಿಸಿದವನು ಇವನೇ. ರಾಣೆಬೆನ್ನೂರು, ಕುಂದಗೋಳ, ಡಂಬಳ, ಮಲಪ್ರಭೆಯ ದಂಡೆ ಎಂದು ಅಟ್ಟಿಸಿಕೊಂಡು ಹೋಗಿ, ಸೆಪ್ಟೆಂಬರ್ 10ರಂದು ನಿಜಾಮನ ಸೀಮೆಯ ಕೋನಗಲ್ ಬಳಿ ಹಿಡಿದ. ಸುಮಾರು 5,000 ಸವಾರರ ಮೇಲೆ ವೆಲ್ಲೆಸ್ಲಿ ನಾಲ್ಕು ಅಶ್ವದಳಗಳನ್ನು ತಾನೇ ಮುಂದೆ ನಿಂತು ನುಗ್ಗಿಸಿದ. ಧೋಂಡಿಯಾ ಅಲ್ಲೇ ಸತ್ತ.

ಅದೇ ವಾರ ನನ್ನ ಸೆಮಿನಾರಿನ ವಿಷಯ ಅಮೆರಿಕದ ಸಾಗರದಾಚೆಯ ವಿಸ್ತರಣೆ. 1898ರಲ್ಲಿ ಸ್ಪೇನನ್ನು ಸೋಲಿಸಿದ ಅಮೆರಿಕ, 2 ಕೋಟಿ ಡಾಲರ್ ಕೊಟ್ಟು ಫಿಲಿಪೈನ್ಸನ್ನು ತನ್ನದಾಗಿಸಿಕೊಂಡಿತು. ಸ್ವಾತಂತ್ರ್ಯ ಘೋಷಿಸಿಕೊಂಡಿದ್ದ ಅಲ್ಲಿನ ಜನ 1899ರಲ್ಲಿ ಯುದ್ಧಕ್ಕೆ ನಿಂತರು. ಶ್ರೀರಂಗಪಟ್ಟಣ ಬಿದ್ದು ಸರಿಯಾಗಿ ನೂರು ವರ್ಷ! 1902ರ ಜುಲೈನಲ್ಲಿ ಯುದ್ಧ ಮುಗಿಯಿತೆಂದು ಸಾರಿದ ಅಮೆರಿಕ, ನವೆಂಬರ್‌ನಲ್ಲಿ ದರೋಡೆ ತಡೆ ಕಾಯಿದೆ ತಂದಿತು. ಆಮೇಲೂ ಶಸ್ತ್ರ ಹಿಡಿದಿದ್ದವರು ಕಾನೂನಿನ ಕಣ್ಣಿನಲ್ಲಿ ದರೋಡೆಕೋರರು. ಮಕಾರಿಯೊ ಸಕಾಯ್ ಎಂಬ ನಾಯಕನನ್ನು 1907ರಲ್ಲಿ ಆ ಕಾಯಿದೆಯಡಿ ಗಲ್ಲಿಗೇರಿಸಿದರು. ಇದನ್ನು ಓದಿದಾಗ ಆ ಹುಡುಗಿಯ ಪ್ರಶ್ನೆಯ ಬಲ ತಿಳಿಯಿತು. ದೊರೆಯಾದರೆ ಅವನೊಡನೆ ಸಂಧಿಯ ಮಾತು ಬರುತ್ತದೆ, ದರೋಡೆಕೋರನಿಗೆ ಮರ, ಹಗ್ಗ ಸಾಕು. ಧೋಂಡಿಯಾನನ್ನು ಕಂಪನಿ ಸರ್ಕಾರ ಲೂಟಿಕೋರ ಎಂದದ್ದು ಅವನ ಲೂಟಿಯನ್ನು ನೋಡಿ ಮಾತ್ರ ಅಲ್ಲ. ಹಾಗೆಂದು ಅವನ ಸವಾರರು ಬಂದಾಗ ಕಾಳು ಕಳೆದುಕೊಂಡ ರೈತನಿಗೆ ಅವನು ಹೋರಾಟಗಾರನಾಗಿ ಕಂಡಿರಲಾರ.

ಮುಂದಿನ ಅವಧಿಯಲ್ಲಿ ಕಪ್ಪುಹಲಗೆಯನ್ನು ಖಾಲಿ ಬಿಟ್ಟು ಇದಿಷ್ಟನ್ನೂ ಕಥೆಯಾಗಿ ಹೇಳಿದೆ. ಹಿಂದಿನ ವಾರ ಅವಸರದಲ್ಲಿ ಉತ್ತರ ಕೊಟ್ಟೆನೆಂದೂ ಒಪ್ಪಿಕೊಂಡೆ. ಕಂಪನಿಯವನಾಗಿ, ಕೆಲಸ ಕಳೆದುಕೊಂಡ ಸಿಪಾಯಿಯಾಗಿ, ಶಿಕಾರಿಪುರದ ರೈತನಾಗಿ ಅವನನ್ನು ಏನೆಂದು ಕರೆಯುತ್ತೀರಿ ಎಂದು ಕೇಳಿದಾಗ ತರಗತಿಯಲ್ಲಿ ಜಗಳವೇ ಆಯಿತು; ಗಂಟೆ ಹೊಡೆದರೂ ನಿಲ್ಲಲಿಲ್ಲ. ಪ್ರಶ್ನೆ ಕೇಳಿದ್ದ ಹುಡುಗಿ ಮಾತ್ರ ಆ ಜಗಳಕ್ಕೆ ಸೇರದೆ, ಅವನಿಗೆ ಮಕ್ಕಳಿದ್ದರೇ ಎಂದಳು. ಕೋನಗಲ್‌ನಲ್ಲಿ ಸಾಮಾನು ಸರಂಜಾಮಿನ ನಡುವೆ ನಾಲ್ಕು ವರ್ಷದ ಆಸುಪಾಸಿನ ಮಗ ಸಲಾಬತ್ ಖಾನ್ ಸಿಕ್ಕಿದ್ದನ್ನೂ, ತಂದೆಯನ್ನು ಕೊಂದ ವೆಲ್ಲೆಸ್ಲಿಯೇ ಅವನನ್ನು ಸಾಕಿಸಿ, 1805ರಲ್ಲಿ ಇಂಡಿಯಾ ಬಿಡುವಾಗ ಅವನ ಖರ್ಚಿಗೆ ಹಣ ಇಟ್ಟು ಹೋದದ್ದನ್ನೂ ಹೇಳಿದೆ.